ಪಟ್ಟಿ ಎತ್ತಿ ವಿಮಾನ ಹಾರಿಸಿದವರು

ನಾವು ಮಾಸ್ತರುಗಳು ಸಾಧಕರ ಕಥೆ ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಗ್ಯಾದರಿಂಗ್ ಇರಲಿ, ಆಗಸ್ಟ್ ಹದಿನೈದು ಇರಲಿ, ಮೈಕು ಕೈಗೆ ಬಂದ ಕೂಡಲೇ ನಮ್ಮ ಕಥೆ ಒಂದೇ ಅಚ್ಚಿನದು. ಒಬ್ಬ ಬಡ ಹುಡುಗ, ಬೀದಿದೀಪದ ಬೆಳಕು, ಹಟ, ಕೊನೆಗೆ ಗೆಲುವು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ಹುಡುಗನ ಫೀಸು ಯಾರು ಕಟ್ಟಿದರು? ಅವನ ದಾರಿಗೆ ಅಡ್ಡ ನಿಂತದ್ದು ಬರೀ ಬಡತನವೋ, ಅಥವಾ ಯಾರೋ ಕೂತು ಬರೆದ ಕಾಯಿದೆಯೋ? ಇದನ್ನು ನಾವು ಹೇಳುವುದಿಲ್ಲ. ಹೇಳದೆ ಬಿಟ್ಟರೆ ಹಿಂದಿನ ಬೆಂಚಿನಲ್ಲಿ ಕೂತ ಮಗು ಏನು ತಿಳಿಯುತ್ತದೆ? ತಾನು ಮುಂದೆ ಬರಲಿಲ್ಲ ಅಂದರೆ ತನ್ನ ಹಟವೇ ಸಾಲಲಿಲ್ಲ ಅಂತ.

ವಿಮಾನದ ಕಥೆಯನ್ನೇ ತಗೊಳ್ಳಿ. ನಮ್ಮಲ್ಲಿ ಅದು ರೈಟ್ ಸೋದರರಿಂದ ಶುರುವಾಗಿ ಅವರಲ್ಲೇ ಮುಗಿಯುತ್ತದೆ. 1903ರ ಡಿಸೆಂಬರ್ 17, ಹನ್ನೆರಡು ಸೆಕೆಂಡು, 120 ಅಡಿ. ಸರಿ, ಅದು ಗೊತ್ತಿರಲೇಬೇಕು. ಆದರೆ ಅದಾದ ಆರು ವರ್ಷದೊಳಗೆ ಅದೇ ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ, ಒಬ್ಬ ಚೀನೀ ಯುವಕ ತಾನೇ ಕಟ್ಟಿದ ವಿಮಾನವನ್ನು ತಾನೇ ಹಾರಿಸಿದ್ದು ಎಷ್ಟು ಜನ ಮಾಸ್ತರರಿಗೆ ಗೊತ್ತು? ಅವನ ಹೆಸರು ಫೆಂಗ್ ರು. ಅಮೆರಿಕದವರ ಬಾಯಲ್ಲಿ ಫಂಗ್ ಜೋ ಗುಯ್.

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಹುಡುಗ. ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ಹಡಗು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಸಿಕ್ಕ ಕೂಲಿ ಮಾಡಿದ, ಯಂತ್ರದ ಕೆಲಸ ಕಲಿತ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ಭೂಕಂಪವಾಯಿತಲ್ಲ, ಅದಾದ ಮೇಲೆ ಕೊಲ್ಲಿಯ ಆಚೆ ಬದಿಯ ಓಕ್‌ಲ್ಯಾಂಡಿನಲ್ಲಿ ಒಂದು ಚಿಕ್ಕ ಕಾರ್ಖಾನೆ ಹಾಕಿದ. ಇಲ್ಲಿ ನನ್ನಂಥ ಭಾಷಾ ಮಾಸ್ತರ ಕಿವಿ ನಿಮಿರಬೇಕಾದ ಸಂಗತಿಯೊಂದಿದೆ. ಫೆಂಗ್ ರು ಮೊದಲು ಕೈ ಹಾಕಿದ್ದು ಸುತ್ತಿಗೆಗಲ್ಲ, ಅನುವಾದಕ್ಕೆ. ರೈಟ್ ಸೋದರರು, ಗ್ಲೆನ್ ಕರ್ಟಿಸ್, ಆಮೇಲೆ ಫ್ರಾನ್ಸಿನ ಆಂರಿ ಫಾರ್ಮನ್ ಬಗ್ಗೆ ಏನು ಸಿಕ್ಕಿದರೂ ಅದನ್ನು ಚೀನೀ ಭಾಷೆಗೆ ತಂದುಕೊಂಡ.

ಯಾಕೆ? ಅವನು ಆಗಲೇ ಹತ್ತು ವರ್ಷ ಅಮೆರಿಕದಲ್ಲಿದ್ದವನು. ಇಂಗ್ಲಿಷು ಬರದವನಲ್ಲ. ನನ್ನ ಅನಿಸಿಕೆ ಇಷ್ಟು. ಒಂದನೆಯದು, ಹೊಸ ವಿದ್ಯೆ ನಿಜವಾಗಿ ತಲೆಯೊಳಗೆ ಇಳಿಯಬೇಕಾದರೆ ಅದನ್ನು ನಮ್ಮ ಮಾತಿನಲ್ಲಿ ಒಮ್ಮೆ ಹೇಳಿಕೊಳ್ಳಲೇಬೇಕು. ಎರಡನೆಯದು, ಅವನ ಜೊತೆ ಕೆಲಸ ಮಾಡುತ್ತಿದ್ದ ಸಹಾಯಕರೂ ಚೀನೀಯರು, ದುಡ್ಡು ಹಾಕಿದವರೂ ಓಕ್‌ಲ್ಯಾಂಡಿನ ಚೀನೀ ವರ್ತಕರು. ಅವರಿಗೆಲ್ಲ ತಿಳಿಯಬೇಕಲ್ಲ! ತಾಯ್ನುಡಿ ಅವನ ಕಾಲಿಗೆ ಕಟ್ಟಿದ ಗುಂಡಾಗಲಿಲ್ಲ, ಊರನ್ನೇ ಕೆಲಸಕ್ಕೆ ಕೂಡಿಸಿಕೊಳ್ಳುವ ಹಗ್ಗವಾಯಿತು. ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಅಂಗಡಿಗಳಿಗೆ ಕೊಟ್ಟು ಎರಕ ಹೊಯ್ಯಿಸಿದನಂತೆ, ತಾನು ಮಾಡುತ್ತಿರುವುದು ಏನು ಅಂತ ಹೊರಗಿನವರಿಗೆ ಗೊತ್ತಾಗದ ಹಾಗೆ. ಜಾಣ.

1909ರ ಸೆಪ್ಟೆಂಬರ್ 21ರಂದು ಓಕ್‌ಲ್ಯಾಂಡಿನ ಗುಡ್ಡದ ಕಡೆ ವಿಮಾನ ಮೇಲೆದ್ದಿತು. ಸುಮಾರು 2,640 ಅಡಿ ಹಾರಿತು, ಅಂದರೆ ಅರ್ಧ ಮೈಲಿ. ಪ್ರೊಪೆಲರಿನ ಯಂತ್ರಭಾಗ ಮುರಿದು ಕೆಳಗೆ ಬಿತ್ತು, ಆದರೆ ಅವನಿಗೆ ಹೆಚ್ಚೇನೂ ಪೆಟ್ಟಾಗಲಿಲ್ಲ. 1911ರಲ್ಲಿ ತನ್ನ ಯಂತ್ರಗಳನ್ನು ಹಡಗಿಗೇರಿಸಿ ಚೀನಾಕ್ಕೆ ವಾಪಸಾದ, ಅಲ್ಲಿ ಆಗ ರಾಜಶಾಹಿ ವಿರುದ್ಧ ಕ್ರಾಂತಿ. 1912ರ ಆಗಸ್ಟ್ 25ರಂದು ಗುವಾಂಗ್‌ಝೌ ಹತ್ತಿರ ಪ್ರದರ್ಶನ ಹಾರಾಟದಲ್ಲಿ ವಿಮಾನ ಬಿದ್ದು ತೀರಿಕೊಂಡ. ಆಗಿನ್ನೂ ಮೂವತ್ತು ದಾಟಿರಲಿಲ್ಲ.

ಅವನಿದ್ದ ಕಾಲದ ಅಮೆರಿಕ ಹೇಗಿತ್ತು ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಧ. 1882ರಲ್ಲೇ ಅಲ್ಲಿನ ಸರಕಾರ ಚೀನೀ ಕೂಲಿಕಾರರು ದೇಶದೊಳಗೆ ಬರಬಾರದು ಅಂತ ಕಾಯಿದೆ ಮಾಡಿತ್ತು. ಒಂದು ದೇಶದ ಜನರ ಹೆಸರನ್ನೇ ಹಿಡಿದು ಬಾಗಿಲು ಹಾಕಿದ ಕಾಯಿದೆ ಅದು. ಒಳಗಿದ್ದವರೂ ಪೌರತ್ವಕ್ಕೆ ಅರ್ಜಿ ಹಾಕುವಂತಿರಲಿಲ್ಲ. ರೈಲುದಾರಿ ಹಾಕಲು, ಗಣಿ ಅಗೆಯಲು ಇವರು ಬೇಕಾಗಿದ್ದರು. ಆ ಕೆಲಸ ಮುಗಿಯಿತು, ಬಾಗಿಲು ಮುಚ್ಚಿತು. ಉಳಿದವರು ಲಾಂಡ್ರಿ, ಖಾನಾವಳಿ, ಕಿರಾಣಿ ಅಂಗಡಿ ಅಂತ ತಮ್ಮದೇ ಓಣಿಯಲ್ಲಿ ಬದುಕು ಕಟ್ಟಿಕೊಂಡರು. ನಮ್ಮವರು ಹೊರಗಿದ್ದರು ಅಂದುಕೊಳ್ಳಬೇಡಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಮನುಷ್ಯನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೂ ಪೌರತ್ವವಿಲ್ಲ ಅಂತ ತೀರ್ಪು ಕೊಟ್ಟಿತು. ಥಿಂಡ್ ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವನು, ನೆನಪಿರಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗಕ್ಕೆ ಬರುತ್ತೇನೆ. ಅದು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನದು. 1931ರ ಸೆಪ್ಟೆಂಬರಿನಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು. ಪೋರ್ಟ್‌ಲ್ಯಾಂಡಿನ ಚೀನೀ ಸಮಾಜದವರು ಸೇರಿ ಯೋಚನೆ ಮಾಡಿದರು: ಚೀನಾದ ಬಳಿ ವಿಮಾನ ಹಾರಿಸುವವರು ಕಡಿಮೆ, ನಮ್ಮ ಮಕ್ಕಳು ಇಲ್ಲಿ ಹುಟ್ಟಿ ಬೆಳೆದವರು, ಯಂತ್ರ ಗೊತ್ತಿರುವವರು, ಅವರಿಗೆ ಹಾರಲು ಕಲಿಸೋಣ. ಹಣ? ನಮ್ಮ ಕಡೆ ಜಾತ್ರೆಗೆ, ಗುಡಿಗೆ, ಶಾಲೆ ಕೋಣೆಗೆ ಪಟ್ಟಿ ಎತ್ತುತ್ತಾರಲ್ಲ, ಹಾಗೇ ಪಟ್ಟಿ ಎತ್ತಿದರು. ಬಟ್ಟೆ ಇಸ್ತ್ರಿ ಮಾಡುವವರು, ಖಾನಾವಳಿ ನಡೆಸುವವರು ಕೊಟ್ಟ ಡಾಲರು. ಆಲ್ ಗ್ರೀನ್‌ವುಡ್ ಎಂಬ ಅಮೆರಿಕನ್ ಶಿಕ್ಷಕನನ್ನು ಹಿಡಿದರು. 1929ರ ಕುಸಿತದ ಆಚೆ ಇಡೀ ಅಮೆರಿಕ ಕೆಲಸವಿಲ್ಲದೆ ಕೂತಿದ್ದ ದಿನಗಳಲ್ಲಿ ಇದನ್ನೆಲ್ಲ ಮಾಡಿದರು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಆ ತರಗತಿಯಲ್ಲಿ ಕಲಿತವಳು ಹೇಜಲ್ ಯಿಂಗ್ ಲೀ. 1912ರಲ್ಲಿ ಪೋರ್ಟ್‌ಲ್ಯಾಂಡಿನಲ್ಲೇ ಹುಟ್ಟಿದವಳು, ಎಂಟು ಮಕ್ಕಳ ಮನೆ. 1929ರಲ್ಲಿ ಹೈಸ್ಕೂಲು ಮುಗಿಸಿದ ಮೇಲೆ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ಓಡಿಸುವ ಕೆಲಸ. ಚೀನೀ ಹುಡುಗಿಗೆ ಆಗ ಸಿಗುತ್ತಿದ್ದದ್ದು ಅಂಥವೇ ಕೆಲವು ಕೆಲಸ. ದಿನವಿಡೀ ಮೇಲೆ ಕೆಳಗೆ ಹೋಗುವ ಡಬ್ಬಿಯೊಳಗೆ ನಿಂತು ಹಣ ಕೂಡಿಟ್ಟಳು. 1932ರ ಅಕ್ಟೋಬರಿನಲ್ಲಿ ಪೈಲಟ್ ಲೈಸೆನ್ಸು ಸಿಕ್ಕಿತು. ಆಗ ಅಮೆರಿಕದ ಪೈಲಟ್ಟುಗಳಲ್ಲಿ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ.

1933ರಲ್ಲಿ ಚೀನಾಕ್ಕೆ ಹೋದಳು, ವಾಯುಪಡೆ ಸೇರಲು. ಅಲ್ಲಿ ಏನಾಯಿತು ನೋಡಿ. ಅಮೆರಿಕದಲ್ಲಿ ಚೀನೀ ಅಂತ ತಡೆ, ಚೀನಾದಲ್ಲಿ ಹೆಣ್ಣು ಅಂತ ತಡೆ. ಯುದ್ಧ ವಿಮಾನ ಕೊಡಲಿಲ್ಲ. ಈ ಭಾಗವನ್ನು ಮುಚ್ಚಿಟ್ಟು ಕಥೆ ಹೇಳುವವರು ಇದ್ದಾರೆ, ಯಾಕೆಂದರೆ ನಮ್ಮವರೇ ನಮ್ಮವರಿಗೆ ಮಾಡಿದ ಅನ್ಯಾಯ ಹೇಳಲು ಬಾಯಿ ಬರುವುದಿಲ್ಲ. ಹೇಳಬೇಕು. ನಮ್ಮ ತರಗತಿಯ ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಗುವಾಂಗ್‌ಝೌ ಊರಿನಲ್ಲಿ ಖಾಸಗಿ ವಿಮಾನ ಕಂಪನಿಯೊಂದಕ್ಕೆ ವಿಮಾನ ಹಾರಿಸುತ್ತ ಇದ್ದಳು. 1937ರಲ್ಲಿ ಯುದ್ಧ ಶುರುವಾದ ಮೇಲೆ ಹಾಂಗ್‌ಕಾಂಗ್ ಮೂಲಕ ಅಮೆರಿಕಕ್ಕೆ ಮರಳಿದಳು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಪೈಲಟ್ಟುಗಳು ಸಾಲದೆ ಹೋದಾಗ ಹೆಂಗಸರ ದಳವೊಂದು ಆಯಿತು, ವಾಸ್ಪ್ ಅಂತ ಅದರ ಚಿಕ್ಕ ಹೆಸರು. ಕಾರ್ಖಾನೆಯಿಂದ ಹೊರಬಂದ ವಿಮಾನಗಳನ್ನು ಬಂದರಿಗೆ, ಠಾಣೆಗೆ ಮುಟ್ಟಿಸುವುದು ಮುಖ್ಯ ಕೆಲಸ. ಸುಮಾರು 1,100 ಹೆಂಗಸರು ಈ ದಳದಲ್ಲಿ ಹಾರಿದರು. ಚೀನೀ ಮೂಲದವರು ಇಬ್ಬರೇ: ಹೇಜಲ್ ಮತ್ತು ಬರ್ಕ್ಲಿಯ ಮ್ಯಾಗಿ ಜೀ. ಹೇಜಲ್ 1943ರ ಆಗಸ್ಟಿನಲ್ಲಿ ಟೆಕ್ಸಾಸಿನ ಸ್ವೀಟ್‌ವಾಟರಿನಲ್ಲಿ ತರಬೇತಿ ಮುಗಿಸಿದಳು. ಆಕೆಯ ಜನರ ವಿರುದ್ಧದ 1882ರ ಕಾಯಿದೆ ಆ ದಿನವೂ ಜಾರಿಯಲ್ಲಿತ್ತು! ಅದು ರದ್ದಾದದ್ದು ಅದೇ ವರ್ಷ ಡಿಸೆಂಬರಿನಲ್ಲಿ, ಅದೂ ವರ್ಷಕ್ಕೆ 105 ಚೀನೀಯರು ಮಾತ್ರ ಬರಬಹುದು ಅನ್ನುವ ಲೆಕ್ಕದಲ್ಲಿ. ಚೀನಾ ಯುದ್ಧದಲ್ಲಿ ಮಿತ್ರದೇಶವಾಗಿತ್ತು, ಮುಖ ಉಳಿಸಿಕೊಳ್ಳಬೇಕಿತ್ತು. ಭಾರತೀಯರ ಸರದಿ 1946ಕ್ಕೆ ಬಂತು, ವರ್ಷಕ್ಕೆ ನೂರು ಜನ.

ಹೇಜಲ್ ಬಗ್ಗೆ ಆಕೆಯ ಜೊತೆಗಾರ್ತಿಯರು ಹೇಳುತ್ತಿದ್ದ ಎರಡು ಸಂಗತಿ ಮಕ್ಕಳಿಗೆ ಬಹಳ ಹಿಡಿಸುತ್ತವೆ. ಒಮ್ಮೆ ಕಾನ್ಸಾಸಿನ ಹೊಲವೊಂದರಲ್ಲಿ ಆಕೆ ವಿಮಾನ ಇಳಿಸಬೇಕಾಯಿತು. ಹೊಲದ ಒಡೆಯ ಹುಲ್ಲು ಎತ್ತುವ ಕವಲುಗೋಲು ಹಿಡಿದು, ಜಪಾನಿನವರು ಬಂದರು ಅಂತ ಕೂಗುತ್ತ ವಿಮಾನದ ಸುತ್ತ ಆಕೆಯನ್ನು ಓಡಿಸಿದ. ಅಮೆರಿಕದ ವಿಮಾನ, ಅಮೆರಿಕದ ಸಮವಸ್ತ್ರ, ಅಮೆರಿಕದಲ್ಲೇ ಹುಟ್ಟಿದ ಹೆಂಗಸು, ಆದರೂ ಕಂಡದ್ದು ಮುಖ ಮಾತ್ರ. ಇನ್ನೊಂದು, ತನ್ನ ವಿಮಾನದ ಬಾಲದ ಮೇಲೆ, ಗೆಳೆಯರ ವಿಮಾನಗಳ ಮೇಲೆ, ಲಿಪ್‌ಸ್ಟಿಕ್ಕಿನಿಂದ ಚೀನೀ ಅಕ್ಷರ ಬರೆಯುತ್ತಿದ್ದಳು. ದಪ್ಪಗಿದ್ದ ಪೈಲಟ್ ಒಬ್ಬನ ವಿಮಾನದ ಮೇಲೆ ಅವನ ದಪ್ಪದ ಬಗ್ಗೆಯೇ ಗೇಲಿ ಬರೆದಿದ್ದಳಂತೆ, ಪಾಪ ಅವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಲಿಪಿಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವವಳಲ್ಲ. ಪೇಟೆಗೆ ಹೋದಾಗ ಅಪ್ಪ ಅವ್ವನ ಜೊತೆ ಕನ್ನಡ ಮಾತಾಡಲು ಹಿಂದೆ ಮುಂದೆ ನೋಡುವ ನಮ್ಮ ಏಳನೇ ತರಗತಿಯ ಮಕ್ಕಳು ಈ ಲಿಪ್‌ಸ್ಟಿಕ್ಕಿನ ಕಥೆ ಕೇಳಿ ನಕ್ಕ ನಗು ನನಗೆ ಬಹಳ ಬೆಲೆಯದು.

1944ರ ನವೆಂಬರಿನಲ್ಲಿ ನಯಾಗರಾ ಫಾಲ್ಸ್ ಕಾರ್ಖಾನೆಯಿಂದ ಪಿ-63 ಕಿಂಗ್‌ಕೋಬ್ರಾ ಯುದ್ಧ ವಿಮಾನವೊಂದನ್ನು ಮೊಂಟಾನಾದ ಗ್ರೇಟ್ ಫಾಲ್ಸಿಗೆ ಒಯ್ಯುವ ಕೆಲಸ ಆಕೆಗೆ ಬಂತು. ಅಲ್ಲಿಂದ ಅವು ಅಲಾಸ್ಕದ ಮೂಲಕ ರಷ್ಯಾಕ್ಕೆ ಹೋಗುತ್ತಿದ್ದವು. ನವೆಂಬರ್ 23ರಂದು ಇಳಿಯುವಾಗ ಮೇಲಿದ್ದ ಇನ್ನೊಂದು ಪಿ-63ರ ರೇಡಿಯೋ ಕೆಟ್ಟಿತ್ತು. ಎರಡೂ ಡಿಕ್ಕಿಯಾದವು. ಉರಿಯುವ ವಿಮಾನದಿಂದ ಆಕೆಯನ್ನು ಎಳೆದು ತೆಗೆದರು. ನವೆಂಬರ್ 25ರಂದು ತೀರಿಕೊಂಡಳು, 32 ವರ್ಷ. ಮೂರು ದಿನದಲ್ಲಿ ಅದೇ ಮನೆಗೆ ಇನ್ನೊಂದು ತಂತಿ ಬಂತು. ಆಕೆಯ ತಮ್ಮ ವಿಕ್ಟರ್, ಅಮೆರಿಕದ ಟ್ಯಾಂಕ್ ದಳದಲ್ಲಿದ್ದವನು, ಫ್ರಾನ್ಸಿನಲ್ಲಿ ಸತ್ತಿದ್ದ.

ಇಬ್ಬರನ್ನೂ ಪೋರ್ಟ್‌ಲ್ಯಾಂಡಿನ ರಿವರ್ ವ್ಯೂ ಸ್ಮಶಾನದಲ್ಲಿ ಮಣ್ಣು ಮಾಡಲು ಮನೆಯವರು ಜಾಗ ಆರಿಸಿದರು. ಅದು ಬಿಳಿಯರ ಭಾಗ, ಏಷ್ಯಾದವರಿಗೆ ಇಲ್ಲಿ ಜಾಗವಿಲ್ಲ ಅಂದರು. ಮನೆಯವರು ಬಿಡಲಿಲ್ಲ, ಹಟ ಹಿಡಿದು ಹೋರಾಡಿ ಅದೇ ಜಾಗ ಪಡೆದರು. ವಾಸ್ಪ್ ಹೆಂಗಸರನ್ನು ಸರಕಾರ ಸೈನಿಕರು ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾಗಿ ಸೈನಿಕ ಮರ್ಯಾದೆಯೂ ಇಲ್ಲ, ಹೆಣ ಸಾಗಿಸುವ ಖರ್ಚೂ ಇಲ್ಲ. ಸತ್ತ 38 ಮಂದಿಯ ಕಥೆಯೂ ಅದೇ. ಎಷ್ಟೋ ಸಲ ಜೊತೆಯ ಹೆಂಗಸರೇ ದುಡ್ಡು ಕೂಡಿಸಿ ಕಳಿಸುತ್ತಿದ್ದರು. ಇಲ್ಲೂ ಪಟ್ಟಿಯೇ. 1977ರಲ್ಲಿ ಮಾಜಿ ಸೈನಿಕರು ಅನ್ನುವ ಹಕ್ಕು ಬಂತು, 2010ರಲ್ಲಿ ಅಮೆರಿಕದ ಸಂಸತ್ತಿನ ಚಿನ್ನದ ಪದಕ.

ಪೋರ್ಟ್‌ಲ್ಯಾಂಡಿನ ಅದೇ ತಂಡದ ಹುಡುಗ ಆರ್ಥರ್ ಚಿನ್. 1913ರಲ್ಲಿ ಹುಟ್ಟಿದವನು, ತಂದೆ ಚೀನೀ, ತಾಯಿ ಪೆರು ದೇಶದವಳು. ಚೀನಾದ ವಾಯುಪಡೆ ಸೇರಿ 1937ರಿಂದ ಜಪಾನಿನ ವಿಮಾನಗಳ ಜೊತೆ ಕಾದಾಡಿದ. 1939ರ ಡಿಸೆಂಬರಿನಲ್ಲಿ ವಿಮಾನಕ್ಕೆ ಬೆಂಕಿ ಹತ್ತಿ ಮೈಯೆಲ್ಲ ಸುಟ್ಟಿತು. ಬ್ಯಾಂಡೇಜಿನಲ್ಲಿ ಅಲ್ಲಾಡಲಾಗದೆ ಮಲಗಿದ್ದಾಗ ಬಾಂಬು ದಾಳಿಯಾಯಿತು. ಹೆಂಡತಿ ಅವನ ಮೇಲೆ ಅಡ್ಡ ಮಲಗಿ ಪ್ರಾಣ ಬಿಟ್ಟಳು. ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ, ಆಮೇಲೆ ಮತ್ತೆ ವಿಮಾನ, ಭಾರತದಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಸಾಗಿಸುವ ದಾರಿಯಲ್ಲಿ. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಅಂಚೆ ಇಲಾಖೆಯಲ್ಲಿ ಗುಮಾಸ್ತನಾಗಿ ದುಡಿದ. ಎರಡನೇ ಮಹಾಯುದ್ಧದ ಮೊದಲ ಅಮೆರಿಕನ್ ಏಸ್ ಅಂತ ಈಗ ಅವನನ್ನು ಕರೆಯುತ್ತಾರೆ. ಆ ಗೌರವ ಬರುವ ಹೊತ್ತಿಗೆ, 1997ರಲ್ಲಿ, ಅವನು ತೀರಿಕೊಂಡು ಒಂದು ತಿಂಗಳಾಗಿತ್ತು.

ಲಾಸ್ ಏಂಜಲೀಸಿನ ಕ್ಯಾಥರಿನ್ ಚುಂಗ್ ಬಗ್ಗೆಯೂ ಎರಡು ಮಾತು. 1904ರಲ್ಲಿ ಚೀನಾದಲ್ಲಿ ಹುಟ್ಟಿ, ಸಂಗೀತ ಕಲಿಯಲು ಅಮೆರಿಕಕ್ಕೆ ಬಂದವಳು. ಕಾರು ಓಡಿಸುವುದು ಕಲಿಸಲು ಅಪ್ಪ ಆಕೆಯನ್ನು ವಿಮಾನದ ಮೈದಾನದ ಹತ್ತಿರ ಕರಕೊಂಡು ಹೋಗುತ್ತಿದ್ದ, ಹುಡುಗಿಯ ಕಣ್ಣು ಕಾರಿನ ಮೇಲೆ ನಿಲ್ಲಲಿಲ್ಲ. 1932ರಲ್ಲಿ ಲೈಸೆನ್ಸು. ಆಕೆಗೆ ವಿಮಾನ ಕೊಡಿಸಿದ್ದೂ ಅಲ್ಲಿನ ಚೀನೀ ಸಮಾಜದ ಪಟ್ಟಿ, ಸಿನಿಮಾ ನಟಿ ಅನ್ನಾ ಮೇ ವಾಂಗ್ ಕೂಡ ಅದರಲ್ಲಿದ್ದಳು. ಚೀನಾಕ್ಕೆ ಹೋಗಿ ಹಾರಲು ಕಲಿಸುತ್ತೇನೆ ಅಂತ ಹೊರಟಾಗ ಮತ್ತೊಂದು ಪಟ್ಟಿ, ಮತ್ತೊಂದು ವಿಮಾನ. ಅದನ್ನು ಆಕೆಯ ಸಂಬಂಧಿಯೊಬ್ಬ ಹಾರಿಸಲು ಹೋಗಿ ಬಿದ್ದು ಸತ್ತ. ಹಾಸಿಗೆ ಹಿಡಿದಿದ್ದ ಅಪ್ಪ, ಇನ್ನು ಹಾರಬೇಡ ಅಂತ ಮಾತು ತಗೊಂಡ. ಮುಂದೆ ಹೂವಿನ ಅಂಗಡಿ ನಡೆಸಿ, 2003ರವರೆಗೆ ಬದುಕಿದ್ದಳು. ಎಲ್ಲ ಕಥೆಯೂ ವಿಜಯದಲ್ಲಿ ಮುಗಿಯಬೇಕಿಲ್ಲ.

ಇದನ್ನೆಲ್ಲ ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ಒಬ್ಬರು ಕೇಳಿದರು, "ಸರ, ನಮ್ಮ ಹುಡುಗರಿಗೆ ಚೀನಾದವರ ಕಥಿ ಯಾಕ್ರೀ? ನಮ್ಮವರ ಕಥಿ ಏನು ಕಡಿಮಿ ಆಗ್ಯಾವೇನು?" ಪ್ರಶ್ನೆ ಸರಿಯಾದದ್ದೇ. ಇನ್ನೊಬ್ಬರು ಉಲ್ಟಾ ದಿಕ್ಕಿನಿಂದ ಬಂದರು, "ಅವರ ಕಷ್ಟ ನಮ್ಮ ಕಷ್ಟ ಒಂದೇ ನೋಡ್ರಿ." ಇದನ್ನು ನಾನು ಒಪ್ಪುವುದಿಲ್ಲ. ಒಂದೇ ಅಲ್ಲ. ನಾವು ವಲಸೆ ಬಂದವರಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ತಲೆತಲಾಂತರದಿಂದ ಇಲ್ಲೇ ಇದ್ದವರು, 1956ರಲ್ಲಿ ಗೆರೆ ಎಳೆದಾಗ ಊರು ಆ ಕಡೆ ಉಳಿಯಿತು ಅಷ್ಟೇ. ನಮಗೆ ಮತ ಇದೆ, ಪೌರತ್ವ ಇದೆ, ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಇದೆ. ನಮ್ಮನ್ನು ಸ್ಮಶಾನದ ಬಾಗಿಲಲ್ಲಿ ಯಾರೂ ತಡೆದಿಲ್ಲ. ಅವರ ಗಾಯವನ್ನು ನಮ್ಮ ಮೈಮೇಲೆ ಅಂಟಿಸಿಕೊಂಡು ಅಳುವುದು ಅವರಿಗೂ ಅವಮಾನ.

ಮತ್ತೆ ಈ ಕಥೆ ಯಾಕೆ ಅಂದರೆ, ಅದರಲ್ಲಿ ನಮಗೆ ಬೇಕಾದ ಕೆಲಸದ ಸಾಮಾನಿದೆ. ಪಟಸಂಖ್ಯೆ ಇಪ್ಪತ್ತಕ್ಕಿಂತ ಕಡಿಮೆಯಾದ ಶಾಲೆಗಳ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಎದೆ ಡವಗುಟ್ಟುತ್ತದೆ. ಪಾಲಕರ ಜೊತೆ ಮಾತಿಗೆ ಕೂತರೆ ಒಂದೇ ಮಾತು: ಕನ್ನಡ ಶಾಲೆಗೆ ಹಾಕಿದರೆ ಮಗ ಎಲ್ಲಿಗೂ ಮುಟ್ಟುವುದಿಲ್ಲ. ಅವರಿಗೆ ಉತ್ತರವಾಗಿ ನಾವು ಭಾಷಾಭಿಮಾನದ ಭಾಷಣ ಮಾಡುತ್ತೇವೆ. ಅಭಿಮಾನದಿಂದ ಹೊಟ್ಟೆ ತುಂಬುವುದಿಲ್ಲ ಅಂತ ಪಾಲಕರಿಗೆ ಚೆನ್ನಾಗಿ ಗೊತ್ತು. ಫೆಂಗ್ ರು ಅಭಿಮಾನಕ್ಕಾಗಿ ಚೀನೀಗೆ ಅನುವಾದ ಮಾಡಲಿಲ್ಲ, ವಿಮಾನ ಕಟ್ಟಲು ಮಾಡಿದ. ನಮ್ಮ ಎಂಟನೇ ತರಗತಿಯ ವಿಜ್ಞಾನ ಪಾಠದಲ್ಲಿ ಮಗು "ನಿಶ್ವಾಸ" ಅಂತ ಬಾಯಿಪಾಠ ಮಾಡುತ್ತದೆಯೋ, ಇಲ್ಲಾ ಉಸಿರು ಬಿಡುವುದು ಅಂತ ತನ್ನ ಮಾತಿನಲ್ಲಿ ಗೆಳೆಯನಿಗೆ ವಿವರಿಸುತ್ತದೆಯೋ, ಅದನ್ನು ತೋರಿಸಿ. ಪಾಲಕರನ್ನು ಕರೆದು ತೋರಿಸಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೇಜಲ್ ಕಥೆಯನ್ನು ದೇಶಭಕ್ತಿಯ ಪರೀಕ್ಷೆ ಪಾಸಾದವಳ ಕಥೆ ಅಂತ ಹೇಳಬೇಡಿ. ಪ್ರಾಣ ಕೊಟ್ಟ ಮೇಲೂ ಆರಡಿ ಮಣ್ಣಿಗೆ ಜಗಳ ಮಾಡಬೇಕಾಯಿತು ಅಂದರೆ ಆ ಪರೀಕ್ಷೆಯೇ ಸುಳ್ಳು. ಅಲ್ಪಸಂಖ್ಯಾತರ ಮಕ್ಕಳು, ಯಾವ ಭಾಷೆಯವರೇ ಇರಲಿ, ಯಾವ ಊರಿನವರೇ ಇರಲಿ, ತಾವು ಇಲ್ಲಿಯವರು ಅಂತ ದಿನಾ ಸಾಬೀತು ಮಾಡುತ್ತ ಇರಬೇಕು ಅನ್ನುವ ಮಾತನ್ನು ನಮ್ಮ ತರಗತಿಯಲ್ಲಾದರೂ ಆಡಬಾರದು. ನಮ್ಮ ಶಾಲೆಗೆ ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ಕಡಿಯುವವರ ಮಕ್ಕಳು ಬರುತ್ತಾರಲ್ಲ, ಅವರ ಮಾತನ್ನು ಕೇಳಿ ನಮ್ಮ ಮಕ್ಕಳೇ ನಗುತ್ತಾರೆ. ಆಗ ಕವಲುಗೋಲು ಹಿಡಿದವರು ಯಾರು? ಇದನ್ನೂ ಕೇಳಬೇಕು.

ಅಂದ ಹಾಗೆ, ಈ ಕಥೆಗೆ ನಮ್ಮ ಕಡೆಯ ಒಂದು ಎಳೆ ನಿಜವಾಗಿಯೂ ಇದೆ. ಚೀನಾಕ್ಕೆ ಕರ್ಟಿಸ್ ಹಾಕ್ ಯುದ್ಧ ವಿಮಾನ ಮಾರುತ್ತಿದ್ದವನು, ಅಲ್ಲೇ ಜೋಡಿಸಲು ಕಾರ್ಖಾನೆ ಹಾಕಿದವನು ವಿಲಿಯಂ ಪಾವ್ಲಿ ಎಂಬ ಅಮೆರಿಕನ್. ಆರ್ಥರ್ ಚಿನ್ 1937ರಲ್ಲಿ ಹಾರಿಸಿದ್ದೂ ಹಾಕ್ ವಿಮಾನವೇ. ಯುನ್ನಾನ್ ಪ್ರಾಂತದ ಲೊಯ್‌ವಿಂಗ್ ಊರಿನಲ್ಲಿದ್ದ ಪಾವ್ಲಿಯ ಕಾರ್ಖಾನೆಯ ಮೇಲೆ 1940ರ ಅಕ್ಟೋಬರಿನಲ್ಲಿ ಜಪಾನಿನ ಬಾಂಬು ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು, ಇವತ್ತಿನ ಎಚ್‌ಎಎಲ್. ಅದನ್ನು ಕಟ್ಟಲು ಪಾವ್ಲಿಯನ್ನು ಜೊತೆಗೆ ತಂದವರು, ಮೈಸೂರು ಸರಕಾರವನ್ನು ಒಪ್ಪಿಸಿದವರು ವಾಲಚಂದ ಹಿರಾಚಂದರು. 1882ರಲ್ಲಿ ಅವರು ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿ. ಹುಟ್ಟಿದ ವರ್ಷ ನೋಡಿದಿರಾ, ಅಮೆರಿಕದ ಆ ಕಾಯಿದೆಯ ವರ್ಷವೇ. ಇದಕ್ಕೆ ಅರ್ಥವೇನೂ ಇಲ್ಲ, ಆದರೆ ಮಕ್ಕಳಿಗೆ ಇಸವಿ ನೆನಪಿಡಲು ಅನುಕೂಲ.

ಮುಂದಿನ ಗ್ಯಾದರಿಂಗಿಗೆ ಇದನ್ನು ನಾಟಕ ಮಾಡಿಸಬೇಕು ಅಂತ ಹೆಡ್ ಮಾಸ್ತರರನ್ನು ಕೇಳಿದ್ದೇನೆ. ಹಾರುವ ದೃಶ್ಯ ಬೇಡ, ಅದಕ್ಕೆ ನಮ್ಮ ಬಳಿ ಸಾಮಾನೂ ಇಲ್ಲ. ಪೋರ್ಟ್‌ಲ್ಯಾಂಡಿನ ಖಾನಾವಳಿಯೊಂದರಲ್ಲಿ ಹತ್ತು ಜನ ಕೂತು ಪಟ್ಟಿ ಬರೆಯುವ ದೃಶ್ಯ ಸಾಕು: ಯಾರು ಎಷ್ಟು, ಯಾರು ಆಮೇಲೆ ಕೊಡುತ್ತೇನೆ ಅಂದರು, ಹುಡುಗಿಯರನ್ನು ಸೇರಿಸಬೇಕೋ ಬೇಡವೋ ಅಂತ ಯಾರು ಜಗಳ ತೆಗೆದರು. ಮಾತು ಮಕ್ಕಳೇ ಬರೆಯಲಿ, ತಮ್ಮ ಮನೆಯ ಕನ್ನಡದಲ್ಲಿ. ನಿಮ್ಮ ಶಾಲೆಯಲ್ಲಿ ಯಾರಾದರೂ ಮಾಡಿಸಿದರೆ ನನಗೂ ಒಂದು ಸಾಲು ಬರೆಯಿರಿ.